ಒಪಿಡಿಯಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಫಿಜಿಶಿಯನ್. ಬೆಳಿಗ್ಗೆ ಒಪಿಡಿ (ಹೊರರೋಗಿಗಳ ವಿಭಾಗ) ಬಾಗಿಲು ತೆಗೆಯುವ ಹೊತ್ತಿಗೆ ಚೀಟಿ ಹಿಡಿದವರ ಸಾಲು ಔಷಧಿ ಕೌಂಟರಿನವರೆಗೂ ಬಂದಿರುತ್ತದೆ. ಒಬ್ಬೊಬ್ಬರಿಗೆ ಸಿಗುವುದು ಐದಾರು ನಿಮಿಷ. ಅಷ್ಟರಲ್ಲಿ ಹೇಳಿ ಮುಗಿಸಲಾಗದ, ಆದರೆ ವಾರಕ್ಕೆ ಹತ್ತು ಸಲವಾದರೂ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಸಮಾಧಾನವಾಗಿ ಉತ್ತರ ಬರೆದಿದ್ದೇನೆ. ಪ್ರಶ್ನೆಗಳು ನೀವು ಕೇಳುವ ಮಾತಿನಲ್ಲೇ ಇವೆ.

ಡಾಕ್ಟ್ರಮ್ಮ, ನೀವು ಹೆರಿಗೆ ಡಾಕ್ಟರ್ ಅಲ್ವಾ?

ಅಲ್ಲ. ಲೇಡಿ ಡಾಕ್ಟರ್ ಎಂದರೆ ಹೆರಿಗೆ ಮಾಡಿಸುವವರು ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ನಾನು ಓದಿದ್ದು ಜನರಲ್ ಮೆಡಿಸಿನ್. ಜ್ವರ, ಬಿಪಿ, ಸಕ್ಕರೆ ಕಾಯಿಲೆ, ಉಬ್ಬಸ, ಲಕ್ವ, ಹೃದಯದ ತೊಂದರೆ, ಹಾವು ಕಡಿತ, ವಿಷ ಸೇವನೆ ಇವೆಲ್ಲ ನನ್ನ ಪಾಲಿಗೆ ಬರುತ್ತವೆ. ನಾನು ಆಪರೇಷನ್ ಮಾಡುವುದಿಲ್ಲ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಅದರ ಮೇಲೆ ಎಂಡಿ ಮೂರು ವರ್ಷ. ಗಂಡಸರ ವಾರ್ಡು, ಹೆಂಗಸರ ವಾರ್ಡು ಎರಡನ್ನೂ ನಾನೇ ನೋಡುತ್ತೇನೆ.

ನಿಮ್ಮದು ಯಾವೂರು? ಎಲ್ಲಿ ಓದಿದ್ದು?

ಹೆಸರು ಕೇಳುವ ಮೊದಲೇ ಊರು ಕೇಳುತ್ತೀರಿ. ನನಗೂ ಅದೇ ಅಭ್ಯಾಸ.

ನಾನು ಹುಟ್ಟಿದ್ದು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅಜ್ಜನ ಗದ್ದೆ, ಮನೆ ಮುಳುಗಿದವು. ಉಳಿದ ಗುಡ್ಡದ ಮೇಲೆ ಮನೆಯವರು ಹೊಸದಾಗಿ ಬದುಕು ಕಟ್ಟಿಕೊಂಡರು. ನಾನು ಬೆಳೆದಿದ್ದು ಅಲ್ಲೇ. ಆಗ ಪೇಟೆಗೆ ಹೋಗಬೇಕೆಂದರೆ ಲಾಂಚ್ ಹತ್ತಬೇಕಿತ್ತು. ಸಂಜೆಯಾದ ಮೇಲೆ ಲಾಂಚ್ ಇರುತ್ತಿರಲಿಲ್ಲ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ನೋವು ಕಾಣಿಸಿಕೊಂಡರೆ, ಕಾಡಿನ ದಾರಿಯಲ್ಲಿ ದೂರ ಸುತ್ತಿಕೊಂಡು ಹೋಗಬೇಕಿತ್ತು. ಇಲ್ಲವೆಂದರೆ ಬೆಳಗಾಗುವುದನ್ನು ಕಾಯಬೇಕಿತ್ತು. ನನ್ನ ಸೋದರತ್ತೆ ಉಬ್ಬಸದಿಂದ ಏದುಸಿರು ಬಿಡುತ್ತಾ ಜಗಲಿಯಲ್ಲಿ ಕೂತಿದ್ದ ರಾತ್ರಿಗಳು ನನಗೆ ನೆನಪಿವೆ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಕಂಬಕ್ಕೆ ಒರಗಿ ಕೂತೇ ಇರುತ್ತಿದ್ದರು. ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾದ ದಿನ ಅಮ್ಮ ಫೋನಿನಲ್ಲಿ ಮೊದಲು ಹೇಳಿದ್ದು, "ನಿನ್ನ ಅತ್ತೆ ಇರಬೇಕಿತ್ತು" ಎಂದು.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಪಿಯುಸಿ ಸಾಗರದಲ್ಲಿ. 1998ರಲ್ಲಿ ಸಿಇಟಿ ಬರೆದು ಮೈಸೂರು ಮೆಡಿಕಲ್ ಕಾಲೇಜು ಸೇರಿದೆ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ಕಾಲೇಜು ಅದು. ಮೊದಲ ವರ್ಷ ಅನಾಟಮಿ ಪುಸ್ತಕದ ಒಂದು ಪುಟಕ್ಕೆ ಒಂದು ಗಂಟೆ ಬೇಕಾಗುತ್ತಿತ್ತು, ಡಿಕ್ಷನರಿ ಪಕ್ಕದಲ್ಲೇ ಇರುತ್ತಿತ್ತು. ವಾರ್ಡಿಗೆ ಕಾಲಿಟ್ಟ ಮೇಲೆ ಮಾತ್ರ ಕನ್ನಡವೇ ಕೈಹಿಡಿಯಿತು. ರೋಗಿಗಳು ಮಾತಾಡುವುದು ಪುಸ್ತಕದ ಭಾಷೆಯಲ್ಲಲ್ಲ.

ಎಂಡಿ ಮಾಡಿದ್ದು ಹುಬ್ಬಳ್ಳಿಯ ಕಿಮ್ಸ್‌ನಲ್ಲಿ. ಅಲ್ಲಿ ನನ್ನ ಕನ್ನಡವೂ ಸಾಲದಾಯಿತು. "ಹೊಟ್ಟಿ ಬ್ಯಾನಿ", "ಜಡ್ಡಾಗೇತಿ", "ಮೈಯಾಗ ತ್ರಾಣ ಇಲ್ರೀ" ಎನ್ನುವ ಮಾತುಗಳನ್ನು ಮತ್ತೆ ಮೊದಲಿನಿಂದ ಕಲಿತೆ. ನೋವಿಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಆ ಹೆಸರು ಗೊತ್ತಿಲ್ಲದಿದ್ದರೆ ನೋವು ಎಂಥದ್ದು ಎಂಬುದೂ ಅರ್ಧ ಮಾತ್ರ ಗೊತ್ತಾಗುತ್ತದೆ.

ಹೊಟ್ಟೆನೋವು ಅಂತ ಬಂದರೆ "ರಾತ್ರಿ ಎಲ್ಲಿ ಮಲಗಿದ್ರಿ" ಅಂತ ಯಾಕೆ ಕೇಳ್ತೀರಿ?

ಇಂಟರ್ನ್‌ಶಿಪ್‌ನ ಹಳ್ಳಿ ಪೋಸ್ಟಿಂಗ್‌ನಲ್ಲಿ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಬೆಳಗಿನ ಜಾವ ಒಬ್ಬ ಕೂಲಿಯವರನ್ನು ಕರೆತಂದರು. ಹೊಟ್ಟೆನೋವು, ಎರಡು ಸಲ ವಾಂತಿ. ಹೊಟ್ಟೆ ಮುಟ್ಟಿ ನೋಡಿದೆ, ಮೆತ್ತಗೇ ಇತ್ತು. ಹಿಂದಿನ ದಿನ ಏನು ತಿಂದಿರಿ ಎಂದು ಕೇಳಿ, ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಬೆಂಚಿನ ಮೇಲೆ ಮಲಗಿಸಿದೆ. ಮುಕ್ಕಾಲು ಗಂಟೆಯ ಮೇಲೆ ಹಿರಿಯ ವೈದ್ಯರು ಬಂದರು. ಬಾಗಿಲಲ್ಲೇ ನಿಂತು ಅವರ ಮುಖ ನೋಡಿದರು. ಹೊಟ್ಟೆಯ ಮಾತೇ ಎತ್ತದೆ, "ರಾತ್ರಿ ಎಲ್ಲಿ ಮಲಗಿದ್ದೆಯಪ್ಪಾ?" ಎಂದರು.

"ಕಣದಲ್ಲಿ ಬುದ್ಧಿ, ರಾಗಿ ಕಾಯೋಕೆ."

"ನೆಲದ ಮೇಲಾ?"

"ಹೂಂ ಬುದ್ಧಿ."

ಆಗ ನಾನು ನೋಡಿದೆ. ಎರಡೂ ಕಣ್ಣಿನ ರೆಪ್ಪೆಗಳು ಜೋತುಬಿದ್ದಿದ್ದವು. ಅದನ್ನು ನಾನು ನಿದ್ದೆಗೆಟ್ಟ ಮುಖ ಎಂದುಕೊಂಡಿದ್ದೆ. ಕಡಿದಿದ್ದು ಕಟ್ಟು ಹಾವು. ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ, ಹಲ್ಲು ಬಲು ಸಣ್ಣ, ಎಷ್ಟೋ ಸಲ ನೋವೂ ಇರುವುದಿಲ್ಲ, ಗುರುತೂ ಇರುವುದಿಲ್ಲ, ಊತವೂ ಇಲ್ಲ. ಬೆಳಗಿನ ಜಾವಕ್ಕೆ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಜೋಲುತ್ತದೆ, ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಂತುಬಿಡುತ್ತವೆ. ವಿಷಕ್ಕೆ ಪ್ರತಿವಿಷ ಕೊಟ್ಟು, ವೆಂಟಿಲೇಟರ್ ಇರುವ ಆಸ್ಪತ್ರೆಗೆ ಜೀಪಿನಲ್ಲಿ ಹೊರಟೆವು. ಅರ್ಧ ದಾರಿಯಲ್ಲಿ ಅವರ ಉಸಿರು ತೆಳುವಾಯಿತು. ಉಳಿದ ದಾರಿಯುದ್ದಕ್ಕೂ, ಕೈಯಿಂದ ಉಸಿರು ತುಂಬುವ ಆಂಬು ಬ್ಯಾಗ್ ಒತ್ತುತ್ತಾ ಅವರ ತಲೆಯ ಹತ್ತಿರ ಮಂಡಿಯೂರಿ ಕೂತಿದ್ದೆ. ಅವರು ಬದುಕಿದರು. ಆ ಮುಕ್ಕಾಲು ಗಂಟೆ ಮಾತ್ರ ನನ್ನ ತಪ್ಪು. ಪುಸ್ತಕದಲ್ಲಿ ಕಟ್ಟು ಹಾವಿನ ಅಧ್ಯಾಯ ಓದಿದ್ದೆ, ಆದರೆ ಎದುರಿಗೆ ಇದ್ದವರು ರಾತ್ರಿ ಎಲ್ಲಿ ಕಳೆದರು ಎಂದು ಕೇಳಿರಲಿಲ್ಲ.

ಅಂದಿನಿಂದ ಕೇಳುತ್ತಿದ್ದೇನೆ. ಎಲ್ಲಿ ಮಲಗಿದ್ರಿ, ಏನು ಕೆಲಸ, ಗದ್ದೆಗಿಳಿದಿದ್ರಾ, ಮನೆಯಲ್ಲಿ ಇನ್ನಾರಿಗೆ ಹೀಗಾಗಿದೆ. ಸಂಬಂಧವಿಲ್ಲದ ಪ್ರಶ್ನೆ ಎಂದು ನಿಮಗೆ ಅನ್ನಿಸಬಹುದು. ದಯವಿಟ್ಟು ಉತ್ತರ ಕೊಡಿ.

ಹಾವು ಕಡಿದರೆ ಮೊದಲು ಏನು ಮಾಡಬೇಕು?

ಗಾಯ ಕುಯ್ಯಬೇಡಿ, ರಕ್ತ ಹೀರಬೇಡಿ, ಹಗ್ಗದಿಂದ ಬಿಗಿದು ಕಟ್ಟಬೇಡಿ. ಬಿಗಿಯಾಗಿ ಕಟ್ಟಿ ಬಂದ ಕಾಲುಗಳು ವಿಷಕ್ಕಿಂತ ಹೆಚ್ಚಾಗಿ ಆ ಕಟ್ಟಿನಿಂದಲೇ ಕಪ್ಪಾಗಿದ್ದನ್ನು ನೋಡಿದ್ದೇನೆ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಮೂಳೆ ಮುರಿದಾಗ ಕಟ್ಟುವ ಹಾಗೆ ಕೋಲು ಅಥವಾ ಅಡಿಕೆ ಹಾಳೆ ಇಟ್ಟು ಕೈಕಾಲು ಅಲುಗದಂತೆ ಮಾಡಿ. ನಡೆಸದೆ ಹೊತ್ತು ತನ್ನಿ, 108ಕ್ಕೆ ಫೋನ್ ಮಾಡಿ. ಹಾವನ್ನು ಹುಡುಕಿ ಕೊಂದು ತರುವುದರಲ್ಲಿ ಹೊತ್ತು ಹೋಗುತ್ತದೆ, ಇನ್ನೊಬ್ಬರಿಗೆ ಕಡಿಯುವ ಅಪಾಯವೂ ಇದೆ. ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ನಮ್ಮಲ್ಲಿರುವ ಪ್ರತಿವಿಷ ಒಂದೇ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಎಲ್ಲಿ ಎಷ್ಟು ಔಷಧಿ ಬೇಕು ಎಂಬ ಲೆಕ್ಕ ಸಿಗುವುದು ಅದರಿಂದ. ಹಾಗಾಗಿ "ಬರೆದುಕೊಳ್ಳಬೇಡಿ" ಎಂದು ಕೇಳಿಕೊಳ್ಳಬೇಡಿ.

ಜ್ವರ ಅಂದ ತಕ್ಷಣ ಕಾಡಿಗೆ ಹೋಗಿದ್ರಾ, ಮಂಗ ಸತ್ತಿತ್ತಾ ಅಂತೀರಲ್ಲ?

ನಮ್ಮ ಶಿವಮೊಗ್ಗ ಜಿಲ್ಲೆಯ ಹೆಸರಿಗೇ ಅಂಟಿಕೊಂಡ ಕಾಯಿಲೆ ಇದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲಾಗಿ ಸತ್ತಾಗ ಮೊದಲ ಬಾರಿಗೆ ಗೊತ್ತಾಯಿತು. ಅದಕ್ಕೇ ಕ್ಯಾಸನೂರು ಕಾಡಿನ ಕಾಯಿಲೆ ಎಂದೂ, ನಮ್ಮ ಮಾತಿನಲ್ಲಿ ಮಂಗನ ಕಾಯಿಲೆ ಎಂದೂ ಹೆಸರು. ಮಂಗದಿಂದ ನೇರವಾಗಿ ಬರುವುದಿಲ್ಲ, ಉಣುಗು ಕಚ್ಚಿ ಬರುತ್ತದೆ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಆ ಜಾಗದ ತರಗೆಲೆಯಲ್ಲಿ ಇರುತ್ತವೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ದರಗು (ಒಣಗಿದ ಎಲೆ) ಗುಡಿಸಲು, ಸೌದೆಗೆ ಜನ ಕಾಡಿಗೆ ಹೋಗುವ ಕಾಲದಲ್ಲೇ ಇದರ ಹಾವಳಿ ಹೆಚ್ಚು.

ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸೊಂಟ ಕಾಲು ಹಿಡಿದುಕೊಂಡಂತೆ ನೋವು. ಮೊದಲ ದಿನ ಇದಕ್ಕೂ ಸಾಮಾನ್ಯ ಜ್ವರಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ. ವೈರಸ್ಸನ್ನೇ ಕೊಲ್ಲುವ ಔಷಧಿ ಇದಕ್ಕಿಲ್ಲ. ರಕ್ತಸ್ರಾವ, ನೀರಿನಂಶ, ಬಿಪಿ ಇವುಗಳ ಮೇಲೆ ಕಣ್ಣಿಟ್ಟು ಕಾಪಾಡಬೇಕು, ಹಾಗಾಗಿ ಬೇಗ ಗೊತ್ತಾದಷ್ಟೂ ಒಳ್ಳೆಯದು. ಗದ್ದೆ ಕೆಲಸದವರಿಗೆ ಮಳೆಗಾಲದಲ್ಲಿ ಬರುವ ಇಲಿ ಜ್ವರ ಬೇರೆ, ಅದಕ್ಕೆ ಒಳ್ಳೆಯ ಮಾತ್ರೆಗಳಿವೆ. ಎರಡನ್ನೂ ಬೇರೆ ಮಾಡಿ ನೋಡಲು ನನಗೆ ಮೊದಲು ಬೇಕಾದದ್ದು ನೀವು ಹತ್ತು ದಿನ ಎಲ್ಲೆಲ್ಲಿ ಓಡಾಡಿದ್ದಿರಿ ಎಂಬ ಮಾಹಿತಿ, ರಕ್ತದ ರಿಪೋರ್ಟು ಆಮೇಲೆ. ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನಲ್ಲಿ ಮೈ ತಿಕ್ಕಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ತುಂಬಾ ಸುಸ್ತು. ಒಂದು ಡ್ರಿಪ್ ಹಾಕಿಬಿಡಿ, ಎದ್ದು ಓಡಾಡ್ತೀನಿ.

500 ಮಿಲಿಲೀಟರಿನ 5% ಗ್ಲೂಕೋಸ್ ಬಾಟಲಿಯಲ್ಲಿರುವ ಗ್ಲೂಕೋಸ್ 25 ಗ್ರಾಂ. ಆರು ಚಮಚ ಸಕ್ಕರೆಯಷ್ಟು. ಬಾಯಲ್ಲಿ ಕುಡಿಯಲು ಆಗುವವರಿಗೆ ಅನ್ನದ ಗಂಜಿ, ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಇವುಗಳಿಂದ ಅದಕ್ಕಿಂತ ಹೆಚ್ಚು ಸಿಗುತ್ತದೆ. ವಾಂತಿ ನಿಲ್ಲದವರಿಗೆ, ಬಿಪಿ ಬಿದ್ದವರಿಗೆ, ಪ್ರಜ್ಞೆ ಇಲ್ಲದವರಿಗೆ ಡ್ರಿಪ್ ಬೇಕು. ಅವರಿಗೆ ಹಾಕಲು ನಾನು ಒಂದು ನಿಮಿಷವೂ ತಡ ಮಾಡುವುದಿಲ್ಲ.

ಸುಸ್ತಿಗೆ ಕಾರಣ ಹುಡುಕುವುದು ಮುಖ್ಯ. ಹೆಂಗಸರಲ್ಲಿ ಬಹಳ ಸಲ ರಕ್ತಹೀನತೆ ಇರುತ್ತದೆ. ತಿಂಗಳ ಮುಟ್ಟಿನಲ್ಲಿ ಎಷ್ಟು ರಕ್ತ ಹೋಗುತ್ತದೆ ಎಂದು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ. ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ, ಮನಸ್ಸಿನ ಖಿನ್ನತೆ ಎಲ್ಲವೂ ಸುಸ್ತಿನ ವೇಷದಲ್ಲೇ ಬರುತ್ತವೆ. ಡ್ರಿಪ್ ಹಾಕಿ ಕಳಿಸಿಬಿಟ್ಟರೆ ನಿಮಗೆ ಎರಡು ದಿನ ಸಮಾಧಾನ, ಕಾಯಿಲೆ ಇದ್ದಲ್ಲೇ ಇರುತ್ತದೆ.

ಬಿಪಿ ನಾರ್ಮಲ್ ಬಂದಿದೆಯಲ್ಲ, ಮಾತ್ರೆ ಬಿಡಬಹುದಾ?

ನಾರ್ಮಲ್ ಬಂದಿರುವುದು ಮಾತ್ರೆಯಿಂದ. ಬಿಟ್ಟರೆ ಬಹುಪಾಲು ಜನರಲ್ಲಿ ಮತ್ತೆ ಏರುತ್ತದೆ. ಏರಿದಾಗ ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವ ದಿನ ಲಕ್ವ ಹೊಡೆದಿರುತ್ತದೆ. ತೂಕ ಇಳಿಸಿ, ಉಪ್ಪು ಕಡಿಮೆ ಮಾಡಿ, ನಡೆದಾಡಿ ಮಾತ್ರೆ ಕಡಿಮೆಯಾದವರೂ ನನ್ನ ಹತ್ತಿರ ಇದ್ದಾರೆ. ಆದರೆ ಅದನ್ನು ಅಳೆದು ನೋಡುತ್ತಾ, ಹಂತ ಹಂತವಾಗಿ ಮಾಡಿದ್ದು. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಿಕ್ಕ ಚಮಚದಷ್ಟು ಉಪ್ಪು ಸಾಕು. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲಿರುವ ಉಪ್ಪೂ ಆ ಲೆಕ್ಕಕ್ಕೇ ಸೇರುತ್ತದೆ. ಉಪ್ಪಿನಕಾಯಿ ಇಲ್ಲದೆ ಗಂಜಿ ಇಳಿಯುವುದಿಲ್ಲ ಎಂಬುದು ನನಗೂ ಗೊತ್ತು. ಒಂದು ಹೋಳು ಸಾಕು, ರಸ ಬಡಿಸಿಕೊಳ್ಳಬೇಡಿ.

ಇನ್ಸುಲಿನ್ ಶುರು ಮಾಡಿದರೆ ಮುಗೀತು, ಅಲ್ವಾ?

ಅಲ್ಲ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಟ್ಟರು. ಅದಕ್ಕೆ ಮುಂಚೆ ಆ ಬಗೆಯ ಸಕ್ಕರೆ ಕಾಯಿಲೆ ಬಂದ ಮಕ್ಕಳು ಒಣಗಿ ಸಾಯುತ್ತಿದ್ದರು. ಜೀವ ಉಳಿಸಲೆಂದೇ ಬಂದ ಔಷಧಿಯನ್ನು ನಮ್ಮ ಜನ ಕೊನೆಗಾಲದ ಗುರುತು ಎಂದುಕೊಂಡಿರುವುದು ನನಗೆ ನೋವಿನ ವಿಷಯ. ಹೆದರಿ ಎರಡು ಮೂರು ವರ್ಷ ಮುಂದೂಡುತ್ತಾರೆ, ಅಷ್ಟರಲ್ಲಿ ಕಿಡ್ನಿಯೂ ಕಣ್ಣೂ ಹಾಳಾಗಿರುತ್ತವೆ. ಸೋಂಕು ಬಂದಾಗ, ಆಪರೇಷನ್ ಆದಾಗ, ಬಸಿರಿನಲ್ಲಿ ಸ್ವಲ್ಪ ಕಾಲ ಹಾಕಿ ನಿಲ್ಲಿಸುವುದೂ ಉಂಟು.

ಫ್ರಿಜ್ ಇಲ್ಲದ ಮನೆಯವರು ಹಿಂಜರಿಯಬೇಡಿ. ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ನೀರಿರುವ ಮಣ್ಣಿನ ಮಡಕೆಯೊಳಗೆ ತೇಲಿಬಿಟ್ಟು, ಬಿಸಿಲು ಬೀಳದ ಮೂಲೆಯಲ್ಲಿಡಿ. ಬಳಸಲು ಶುರು ಮಾಡಿದ ಬಾಟಲಿ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ಒಲೆಯ ಮೇಲಿನ ಗೂಡಿನಲ್ಲಿ ಮಾತ್ರ ಬೇಡ.

ಅನ್ನ ಬಿಡಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಬಿಡಿ ಎಂದರೆ ಮಲೆನಾಡಿನವರು ಎರಡೇ ವಾರದಲ್ಲಿ ಮತ್ತೆ ಅನ್ನಕ್ಕೇ ಬರುತ್ತಾರೆ, ನನ್ನ ಮನೆಯಲ್ಲೇ ನೋಡಿದ್ದೇನೆ. ಆದ್ದರಿಂದ ನಾನು ಹೇಳುವುದು, ತಟ್ಟೆಯಲ್ಲಿ ಅರ್ಧ ಪಲ್ಯ ಮತ್ತು ಸೊಪ್ಪು ಇರಲಿ, ಕಾಲು ಭಾಗ ಬೇಳೆ, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಅನ್ನವೋ ಅಕ್ಕಿ ರೊಟ್ಟಿಯೋ. ರಾಗಿ ಮುದ್ದೆ ಒಳ್ಳೆಯದು ಎಂದು ಎರಡು ದೊಡ್ಡ ಮುದ್ದೆ ತಿಂದರೆ ಅದೂ ಸಕ್ಕರೆ ಏರಿಸುತ್ತದೆ.

ಎದೆ ಉರಿ ಗ್ಯಾಸ್ಟ್ರಿಕ್ಕೇ ಇರಬೇಕು, ಜೆಲುಸಿಲ್ ಕುಡಿದು ನೋಡ್ಲಾ?

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು ಮೊದಲು ಇಸಿಜಿ ಮಾಡಿಸಿ, ಆಮೇಲೆ ಜೆಲುಸಿಲ್. "ಗ್ಯಾಸ್ಟ್ರಿಕ್" ಎಂಬ ಒಂದು ಮಾತು ನಮ್ಮ ಕಡೆ ತೆಗೆದ ಜೀವಗಳ ಲೆಕ್ಕ ಯಾರ ಹತ್ತಿರವೂ ಇಲ್ಲ. ಎದೆಯ ನಡುವೆ ಭಾರ, ಹಿಂಡಿದಂತೆ ನೋವು, ಎಡಗೈಗೋ ದವಡೆಗೋ ಹರಿಯುವುದು, ತಣ್ಣನೆ ಬೆವರು, ಮೆಟ್ಟಿಲು ಹತ್ತಿದರೆ ಹೆಚ್ಚಾಗುವುದು, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸಂಕಟ, ವಾಂತಿ, ಉಸಿರು ಸಿಕ್ಕಿಕೊಂಡಂತೆ ಆಗಬಹುದು.

ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಇಲ್ಲೇ, ಹಣ ತೆಗೆದುಕೊಳ್ಳದೆ ಕೊಡುತ್ತಾರೆ. ಹಿಂದೆ ಇದೇ ಇಂಜೆಕ್ಷನ್ನಿಗೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಬೇಕಿತ್ತು, ಘಾಟಿಯಲ್ಲೇ ಹೃದಯದ ಸ್ನಾಯು ಸಾಯುತ್ತಿತ್ತು. ನಮ್ಮ ಕೈಲಿ ಔಷಧಿ ಇದೆ, ನೀವು ಮೊದಲ ಒಂದೆರಡು ಗಂಟೆಯೊಳಗೆ ಬರಬೇಕು.

ಬೇರೆ ಡಾಕ್ಟರು ಎಂಟು ಟೆಸ್ಟ್ ಬರೆದರು. ನೀವು ಎರಡೇ ಬರೆದಿದ್ದೀರಲ್ಲ?

ಕಥೆ ಪೂರ್ತಿ ಕೇಳಿ, ಮೈ ಮುಟ್ಟಿ ನೋಡಿದ ಮೇಲೆ ಉಳಿಯುವ ಅನುಮಾನಕ್ಕೆ ಮಾತ್ರ ಟೆಸ್ಟ್ ಬೇಕು. ಕೆಲವರಿಗೆ ಎಂಟೂ ಬೇಕಾಗುತ್ತವೆ, ಹಾಗಾಗಿ ಇನ್ನೊಬ್ಬ ವೈದ್ಯರು ಬರೆದಿದ್ದನ್ನು ಅವರ ಕಾರಣ ತಿಳಿಯದೆ ತಪ್ಪು ಎನ್ನುವುದಿಲ್ಲ. ಲ್ಯಾಬಿನವರಿಂದ ಕಮಿಷನ್ ಬರುತ್ತದಾ ಎಂದು ಮೆಲ್ಲಗೆ ಕೇಳುತ್ತೀರಿ. ನಾನು ತೆಗೆದುಕೊಳ್ಳುವುದಿಲ್ಲ. ಈ ಟೆಸ್ಟ್ ಯಾಕೆ, ಇದರಿಂದ ಚಿಕಿತ್ಸೆ ಏನು ಬದಲಾಗುತ್ತದೆ ಎಂದು ಯಾವ ಡಾಕ್ಟರನ್ನಾದರೂ ಕೇಳುವ ಹಕ್ಕು ನಿಮಗಿದೆ. ನನ್ನನ್ನೂ ಕೇಳಿ.

ನಾಟಿ ಔಷಧಿ ಮಾಡಿದ್ದು ಹೇಳಿದರೆ ಬೈತೀರಾ?

ಬೈಯುವುದಿಲ್ಲ. ಮುಚ್ಚಿಟ್ಟರೆ ನನ್ನ ಲೆಕ್ಕ ತಪ್ಪುತ್ತದೆ. ಕಾಮಾಲೆಗೆ ಸೊಪ್ಪಿನ ರಸ ಕುಡಿಯದ ಮನೆ ಮಲೆನಾಡಿನಲ್ಲಿ ಕಡಿಮೆ, ನಮ್ಮ ಮನೆಯಲ್ಲೂ ಕುಡಿಸಿದ್ದರು. ವೈರಸ್ಸಿನಿಂದ ಬಂದ ಬಹಳಷ್ಟು ಕಾಮಾಲೆ ತಾನಾಗಿಯೇ ಇಳಿಯುತ್ತದೆ, ಹೆಸರು ಔಷಧಿಗೆ ಬರುತ್ತದೆ. ಪಿತ್ತನಾಳ ಕಟ್ಟಿಕೊಂಡು ಬಂದ ಕಾಮಾಲೆಗೆ ಅದು ಕೆಲಸ ಮಾಡದು, ಕಾದರೆ ಅಪಾಯ. ನನಗೆ ಹೆಚ್ಚು ಭಯ ಹುಟ್ಟಿಸುವುದು ಮಂಡಿನೋವಿಗೆ, ಉಬ್ಬಸಕ್ಕೆ ಎಂದು ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ಪುಡಿಗಳು. ಎರಡೇ ದಿನದಲ್ಲಿ ನೋವು ಮಾಯವಾಗಿ, ಕೆಲವೇ ತಿಂಗಳಲ್ಲಿ ಮುಖ ಊದಿ, ಸಕ್ಕರೆ ಏರಿ ಬಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆ ಎಂಬ ಅನುಮಾನ ಬರುತ್ತದೆ. ಅಂಥ ಪುಡಿಯನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ. ಪೊಟ್ಟಣ ಹಿಡಿದುಕೊಂಡೇ ಬನ್ನಿ.

ಹೆಂಗಸಿನ ಹತ್ತಿರ ಕೆಲವು ವಿಷಯ ಹೇಗೆ ಹೇಳೋದು?

ಈ ಪ್ರಶ್ನೆಯನ್ನು ಗಂಡಸರು ಬಾಯಿಬಿಟ್ಟು ಕೇಳುವುದಿಲ್ಲ, ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ನೋಡುತ್ತಾರೆ. ಮೂತ್ರದ ತೊಂದರೆ, ಗಂಡಸುತನದ ಚಿಂತೆ, ಕುಡಿತ, ಏನೇ ಇರಲಿ, ನನಗೆ ಅದು ಕೆಮ್ಮು ನೆಗಡಿಯ ಹಾಗೆಯೇ ಒಂದು ಲಕ್ಷಣ. ಸಕ್ಕರೆ ಕಾಯಿಲೆ, ಹೃದಯದ ರಕ್ತನಾಳದ ತೊಂದರೆ ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದು ಗಂಡಸುತನದ ತೊಂದರೆಯಾಗಿಯೇ. ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಎಂದರೆ ಕಳಿಸುತ್ತೇನೆ. ಆದರೂ ಆಗದು ಎಂದರೆ ನಮ್ಮಲ್ಲಿರುವ ಗಂಡು ವೈದ್ಯರಿಗೆ ಚೀಟಿ ಬದಲಿಸಿ ಕೊಡುತ್ತೇನೆ. ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂಬುದನ್ನು ಮಾತ್ರ ಅಡ್ಮಿಟ್ ಆಗುವಾಗಲೇ ನಿಜ ಹೇಳಿ. ದಿನವೂ ಕುಡಿಯುವವರು ವಾರ್ಡಿನಲ್ಲಿ ಒಮ್ಮೆಲೇ ನಿಲ್ಲಿಸಿದಾಗ ಎರಡು ಮೂರನೇ ದಿನ ಫಿಟ್ಸ್ ಬರಬಹುದು, ಬುದ್ಧಿಭ್ರಮಣೆ ಆಗಬಹುದು. ಮೊದಲೇ ಗೊತ್ತಿದ್ದರೆ ತಡೆಯಲು ಔಷಧಿ ಇದೆ.

ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಡಾಕ್ಟ್ರೇ. ಹೇಳಲ್ಲ ತಾನೇ?

ಮಕ್ಕಳು ಬಾಗಿಲ ಹೊರಗೆ ನನ್ನ ಕೈಹಿಡಿದು ಕೇಳುವ ಮಾತು ಇದು. ಪ್ರೀತಿಯಿಂದ ಕೇಳುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹೇಳುವುದಿಲ್ಲ ಎಂದು ಮಾತು ಕೊಡಲಾರೆ.

ಕೆಲವು ವರ್ಷಗಳ ಹಿಂದೆ ಒಬ್ಬ ಅಡಿಕೆ ಬೆಳೆಗಾರರು ಬಂದಿದ್ದರು. ಕ್ಯಾನ್ಸರ್ ಲಿವರಿಗೆ ಹರಡಿತ್ತು. ಮಕ್ಕಳು ಅಲ್ಸರ್ ಎಂದು ಹೇಳಿಟ್ಟಿದ್ದರು. ಮೂರನೇ ದಿನ ರೌಂಡ್ಸ್ ಮುಗಿಸಿ ಹೊರಟವಳನ್ನು ಅವರು ಕರೆದರು. "ಅಮ್ಮಾ, ಒಂದು ಮಾತು. ಈ ಸಲದ ಕೊಯ್ಲು ನಾನು ನೋಡ್ತೀನಾ? ತೋಟದ ಹಿಸ್ಸೆ ಇನ್ನೂ ಆಗಿಲ್ಲ. ಚಿಕ್ಕವನ ಪಾಲು ಬಾಯಿಮಾತಲ್ಲೇ ಇದೆ." ಅವರು ಕೇಳಿದ್ದು ಕಾಯಿಲೆಯ ಹೆಸರಲ್ಲ, ಎಷ್ಟು ಸಮಯ ಇದೆ ಎಂದು. ನಾನು ಸ್ಟೂಲು ಎಳೆದುಕೊಂಡು ಕೂತೆ. ನಿಮಗೆ ಎಷ್ಟು ತಿಳಿಯಬೇಕು, ಯಾರ ಎದುರು ಹೇಳಲಿ ಎಂದು ಕೇಳಿದೆ. ಮಕ್ಕಳಿಬ್ಬರನ್ನೂ ಕರೆಸಿ ಎಂದರು. ಎಲ್ಲರ ಎದುರು ಹೇಳಿದೆ. ದೊಡ್ಡ ಮಗ ಸಿಟ್ಟಿನಿಂದ ಎದ್ದುಹೋದರು, ಸಂಜೆ ತಿರುಗಿ ಬಂದರು. ತಂದೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಮಾಡಿ ಬಂದರು, ತೀರಿಕೊಂಡಿದ್ದು ಏಳು ವಾರಗಳ ಮೇಲೆ, ಮನೆಯಲ್ಲಿ.

ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡಬೇಕು ಎಂದು ನಾನು ಹೇಳುತ್ತಿಲ್ಲ. "ಮಗನಿಗೆ ಹೇಳಿ, ನನಗೆ ಬೇಡ" ಎನ್ನುವವರೂ ಇದ್ದಾರೆ, ಅದು ಅವರ ಇಷ್ಟ. ಕೇಳಿದವರಿಗೆ ಸುಳ್ಳು ಹೇಳುವುದಿಲ್ಲ, ಕೇಳದವರ ಮೇಲೆ ಹೇರುವುದಿಲ್ಲ. ಹೇಗೆ ಹೇಳಬೇಕು ಎಂದು ನಿಮ್ಮ ಜೊತೆ ಕೂತು ಮೊದಲೇ ಮಾತಾಡುತ್ತೇನೆ.

ಕೊನೆಗಾಲದ ನೋವಿಗೆ ಮಾರ್ಫಿನ್ ಮಾತ್ರೆ ಇದೆ. ಚಟವಾಗುತ್ತದೆ ಎಂದು ಹೆದರಿ ನರಳಿಸಬೇಡಿ. ಗುಣವಾಗುವ ಭರವಸೆ ಇಲ್ಲದಾಗ ಯಂತ್ರಗಳ ಮೇಲೆ ಇರಿಸಬಾರದು ಎಂದು ಮೊದಲೇ ಬರೆದಿಡಲು 2018ರಲ್ಲಿ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತು, 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯಿತು. ಅದನ್ನು ಜಾರಿಗೆ ತರುವ ಸುತ್ತೋಲೆಯನ್ನು ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಹೊರಡಿಸಿದೆ. ಹುಷಾರಾಗಿರುವಾಗಲೇ ಮನೆಯಲ್ಲಿ ಈ ಮಾತು ಒಮ್ಮೆ ಆಡಿಕೊಳ್ಳಿ.

ಶಿವಮೊಗ್ಗಕ್ಕೆ ಬರೆದುಕೊಡ್ತೀರಲ್ಲ, ನಿಮ್ಮ ಕೈಲಿ ಆಗಲ್ವಾ?

ಕೆಲವು ಕಾಯಿಲೆಗಳಿಗೆ ನಮ್ಮಲ್ಲಿ ಯಂತ್ರವಿಲ್ಲ, ತಜ್ಞರಿಲ್ಲ. ಇಟ್ಟುಕೊಂಡು ನೋಡುವುದು ನಿಮಗೆ ಮಾಡುವ ಅನ್ಯಾಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಬಹಳಷ್ಟು ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಅದಕ್ಕೆ ಅದನ್ನು ಕಳೆಯಬೇಡಿ. ಬೇರೆ ಡಾಕ್ಟರ ಅಭಿಪ್ರಾಯ ಕೇಳುತ್ತೇನೆ ಎಂದರೆ ನನಗೆ ಬೇಸರವಿಲ್ಲ. ನಿಮ್ಮ ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಿಯಮದಲ್ಲೇ ಇದೆ, ಯಾವ ಆಸ್ಪತ್ರೆಯಲ್ಲಾದರೂ ಕೇಳಿ ಪಡೆಯಿರಿ.

ಮತ್ತೆ ಯಾವಾಗ ಬರಬೇಕು ಅಂತ ಹೇಳುವಾಗ ಬಸ್ಸಿನ ಟೈಮ್ ಯಾಕೆ ಕೇಳ್ತೀರಿ?

ದಿನಕ್ಕೆ ಒಂದೇ ಬಸ್ಸು ಬರುವ ಊರಿನವರಿಗೆ ಹತ್ತು ದಿನಕ್ಕೊಮ್ಮೆ ಬನ್ನಿ ಎಂದರೆ ಬರುವುದಿಲ್ಲ, ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಹಿನ್ನೀರಿನಾಚೆ ಬೆಳೆದವಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸಂತೆಯ ದಿನವೇ ಬರುವ ಹಾಗೆ ಬರೆಯುತ್ತೇನೆ. ದಿನಕ್ಕೆ ಮೂರು ಸಲದ ಮಾತ್ರೆಯ ಬದಲು ಒಂದೇ ಸಲದ್ದು ಸಿಗುವುದಾದರೆ ಅದನ್ನೇ ಆರಿಸುತ್ತೇನೆ. ಬೆಳಿಗ್ಗೆ ಕೊಟ್ಟಿಗೆ ಕೆಲಸಕ್ಕೆ ಹೋಗುವವರಿಗೆ ನೀರಿನ ಮಾತ್ರೆಯ (ಮೂತ್ರ ಹೆಚ್ಚು ಮಾಡುವ ಮಾತ್ರೆ) ಹೊತ್ತನ್ನೂ ಅದಕ್ಕೆ ಸರಿಯಾಗಿ ಬದಲಿಸಬಹುದು. ಇದನ್ನೆಲ್ಲ ನೀವು ಹೇಳಿದರೆ ಮಾತ್ರ ಮಾಡಲು ಸಾಧ್ಯ.

ಬರುವಾಗ ಏನೇನು ತರಬೇಕು?

ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು, ಅವುಗಳ ಪಟ್ಟಿ (ಸ್ಟ್ರಿಪ್) ಸಮೇತ. "ಬಿಳಿ ಗುಂಡಗಿನ ಮಾತ್ರೆ" ಎಂದರೆ ಗೊತ್ತಾಗುವುದಿಲ್ಲ, ಖಾಲಿ ಪಟ್ಟಿಯನ್ನಾದರೂ ಚೀಲಕ್ಕೆ ಹಾಕಿಕೊಳ್ಳಿ. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರುವವರು ಬುತ್ತಿ ತನ್ನಿ, ರಕ್ತ ಕೊಟ್ಟ ಮೇಲೆ ತಿನ್ನಬಹುದು. ವಯಸ್ಸಾದವರ ಜೊತೆ ಬೆಂಗಳೂರಿಂದ ರಜೆಗೆ ಬಂದ ಮಗನಿಗಿಂತ, ದಿನವೂ ಅವರಿಗೆ ಊಟ ಬಡಿಸುವವರು ಬಂದರೆ ನನಗೆ ಹೆಚ್ಚು ಉಪಯೋಗ. ಬಹುಪಾಲು ಮನೆಗಳಲ್ಲಿ ಅದು ಸೊಸೆ. ಆಕೆ ಸಾಮಾನ್ಯವಾಗಿ ಬಾಗಿಲ ಹೊರಗೇ ನಿಂತಿರುತ್ತಾರೆ. ಅವರನ್ನು ಒಳಗೆ ಕರೆತನ್ನಿ, ಕುರ್ಚಿ ಇನ್ನೊಂದು ಇದೆ.